ತಾವರೆಗೆ ಮೂರು ಮನೆ: ಪದಬಂಧದ ಮೂರು ಬಗೆಗಳ ಹೋಲಿಕೆ

‘ತಾವರೆ (3)’, ಅಂದರೆ ತಾವರೆ ಎಂಬರ್ಥದ ಮೂರಕ್ಷರದ ಪದ, ಎಂಬ ಸುಳಿವಿನ ಮುಂದೆ ಒಮ್ಮೆ ಬಹಳ ಹೊತ್ತು ಪೆನ್ಸಿಲ್ ಹಿಡಿದು ಕುಳಿತಿದ್ದೆ. ಮೇಲಿನಿಂದ ಇಳಿದು ಬಂದ ಪದವೊಂದು ಕೊನೆಯ ಮನೆಗೆ ‘ಜ’ ಅಕ್ಷರವನ್ನು ಕೊಟ್ಟಿತ್ತು. ಅಷ್ಟಾದರೂ ಜಲಜ, ವನಜ, ನೀರಜ, ಸರೋಜ, ಪಂಕಜ, ಅಂಬುಜ ಎಂಬ ಆರು ಪದಗಳಲ್ಲಿ ಯಾವುದನ್ನು ಬರೆದರೂ ತಪ್ಪೆನ್ನುವಂತಿರಲಿಲ್ಲ. ಇದು ಬುದ್ಧಿಗೆ ಒಡ್ಡಿದ ಸವಾಲಲ್ಲ, ಊಹೆಗೆ ಬಿಟ್ಟ ವಿಷಯ ಎಂದು ಅನ್ನಿಸಿದ್ದರಿಂದ, ನೇರ ಸುಳಿವಿನ ಕನ್ನಡ ಪದಬಂಧ, ಗೂಢ ಸುಳಿವಿನ ಇಂಗ್ಲಿಷ್ ಪದಬಂಧ ಮತ್ತು ಗೂಢ ಸುಳಿವಿನ ಕನ್ನಡ ಪದಬಂಧ ಈ ಮೂರನ್ನೂ ಕೆಲವು ತಿಂಗಳ ಕಾಲ ಒಂದರ ಪಕ್ಕದಲ್ಲೊಂದು ಇಟ್ಟುಕೊಂಡು ಬಿಡಿಸುತ್ತಾ ಬಂದೆ.

ನೇರ ಸುಳಿವಿನದು ಇವುಗಳಲ್ಲಿ ಹಳೆಯ ಬಗೆ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕೃತಿಯ ಪದಬಂಧವನ್ನು ಪ್ರಕಟಿಸಿದಾಗಲೂ ಸುಳಿವುಗಳು ಪದದ ಅರ್ಥವನ್ನೇ ಹೇಳುತ್ತಿದ್ದವು. ಇದರಿಂದ ಶಬ್ದಸಂಪತ್ತು ಬೆಳೆಯುತ್ತದೆ ಎಂಬುದು ನಿಜ, ಹೊಸದಾಗಿ ಆರಂಭಿಸುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲೂ ಇಲ್ಲ. ಆದರೆ ಪದ ಗೊತ್ತಿದ್ದರೆ ಬರೆಯುತ್ತೇವೆ, ಗೊತ್ತಿಲ್ಲದಿದ್ದರೆ ಬಿಡುತ್ತೇವೆ; ನಡುವೆ ಯೋಚಿಸಿ ಹೊಳೆಯಿಸಿಕೊಳ್ಳುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಸಂಸ್ಕೃತದಿಂದ ಬಂದ ಸಮಾನಾರ್ಥಕಗಳ ರಾಶಿಯೇ ಇರುವ ಕನ್ನಡದಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ.

ಇಂಗ್ಲಿಷಿನ ಗೂಢ ಪದಬಂಧದಲ್ಲಿ ಸುಳಿವಿಗೆ ಎರಡು ಅಂಗಗಳಿರುತ್ತವೆ. ಒಂದು ಉತ್ತರದ ಅರ್ಥವನ್ನು ಹೇಳುತ್ತದೆ, ಇನ್ನೊಂದು ಅದೇ ಉತ್ತರವನ್ನು ಅಕ್ಷರಗಳ ಆಟದಿಂದ ಕಟ್ಟಿಕೊಡುತ್ತದೆ, ಮತ್ತು ಇವೆರಡರ ನಡುವಿನ ಗಡಿ ಎಲ್ಲಿದೆಯೆಂದು ತಿಳಿಯದಂತೆ ವಾಕ್ಯವನ್ನು ಹೆಣೆದಿರುತ್ತಾರೆ. ಹೂವೆಂದು ನಾವು ತಿಳಿಯುವ ‘ಫ್ಲವರ್’ ಪದವನ್ನು ‘ಫ್ಲೋ-ಅರ್’, ಅಂದರೆ ‘ಹರಿಯುವುದು’ ಎಂದು ಒಡೆದು ಓದಿ ನದಿಯ ಹೆಸರನ್ನು ಹುಡುಕಬೇಕಾಗುತ್ತದೆ. ‘ಝಿಮೆನೀಸ್’ ಎಂಬ ಅಂಕಿತದಲ್ಲಿ ‘ದಿ ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಹೆಣೆಯುತ್ತಿದ್ದ ಡೆರಿಕ್ ಸಾಮರ್‌ಸೆಟ್ ಮೆಕ್‌ನಟ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸುಳಿವು ನ್ಯಾಯವಾಗಿರಬೇಕೆಂದು ಪಟ್ಟುಹಿಡಿದು ವಾದಿಸಿದರು. ಆ ಶಿಸ್ತಿನ ಫಲವನ್ನು ನಾನು ಪ್ರತಿದಿನವೂ ಕಂಡಿದ್ದೇನೆ: ಉತ್ತರ ಹೊಳೆದ ಮೇಲೆ ಅದು ಸರಿಯೋ ತಪ್ಪೋ ಎಂಬ ಅನುಮಾನ ಉಳಿಯುವುದಿಲ್ಲ. ಆದರೆ ಅಲ್ಲಿ ಒಂದೆರಡು ಅಕ್ಷರಗಳ ಸಂಕ್ಷೇಪಗಳು, ಕ್ರಿಕೆಟ್ ಮತ್ತು ಸೇನೆಯ ಪರಿಭಾಷೆ, ಹಳೆಯ ಆಡುಮಾತು ಇವನ್ನೆಲ್ಲ ಬಾಯಿಪಾಠ ಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ. ನನ್ನ ಶ್ರಮದ ದೊಡ್ಡ ಪಾಲು ಅದಕ್ಕೇ ಹೋಯಿತು.

ಗೂಢ ಸುಳಿವಿನ ಕನ್ನಡ ಪದಬಂಧವನ್ನು ಬಿಡಿಸತೊಡಗಿದಾಗ ಮನಸ್ಸಿಗೆ ಬಂದದ್ದು, ಈ ಆಟ ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸತೇನಲ್ಲ ಎಂಬುದು. ‘ಹುಡುಕು, ದೊರೆ! (3)’ ಎಂಬ ಸುಳಿವಿಗೆ ಉತ್ತರ ‘ಅರಸು’. ಪದವನ್ನು ಒಡೆಯದೆಯೇ ಎರಡು ಅರ್ಥ ಹೊರಡುವುದರಿಂದ ಇದು ಅಭಂಗ ಶ್ಲೇಷ. ‘ತೆರಿಗೆ, ಆಮೇಲೆ ಬಟ್ಟೆ: ಬೆವರೊರೆಸಲು ಬೇಕು (4)’ ಎಂಬಲ್ಲಿ ‘ಕರವಸ್ತ್ರ’ವನ್ನು ಒಡೆದು, ಕೈ ಎಂಬರ್ಥದ ‘ಕರ’ವನ್ನು ತೆರಿಗೆಯಾಗಿ ಓದಬೇಕಾದ್ದರಿಂದ ಅದು ಸಭಂಗ ಶ್ಲೇಷಕ್ಕೆ ಹತ್ತಿರದ್ದು. ‘ಕಾಡು ತಿರುಗಿದರೆ ಒಂಬತ್ತು (2)’ ಎಂಬುದು ನನಗೆ ಬಲು ಪ್ರಿಯವಾದ ಸುಳಿವು. ಕಾಡನ್ನು ಸುತ್ತಾಡುವ ಮಾತಿದು ಎಂದು ಓದುತ್ತಿರುವಾಗಲೇ ‘ವನ’ ಹಿಂದುಮುಂದಾಗಿ ‘ನವ’ ಆಗಿಬಿಟ್ಟಿರುತ್ತದೆ.

ಕನ್ನಡದಲ್ಲಿ ಒಂದು ಮನೆಗೆ ಕಾಗುಣಿತ, ಒತ್ತುಗಳ ಸಮೇತ ಒಂದು ಪೂರ್ಣ ಅಕ್ಷರ ಕೂರುವುದರಿಂದ, ಅಡ್ಡ ಹಾಯುವ ಪದ ಕೊಡುವ ನೆರವು ಇಂಗ್ಲಿಷಿನಲ್ಲಿ ಸಿಗುವುದಕ್ಕಿಂತ ಬಹಳ ಹೆಚ್ಚು. ‘ಸ್ತ್ರ’ ಸಿಕ್ಕಿತೆಂದರೆ ಶಾಸ್ತ್ರ, ಅಸ್ತ್ರ, ವಸ್ತ್ರಗಳಂಥ ಕೆಲವೇ ಪದಗಳತ್ತ ಕಣ್ಣು ಹೋಗುತ್ತದೆ. ಬಿಡಿಸುವವರಿಗೆ ಇದು ವರ, ಹೆಣೆಯುವವರಿಗೆ ಮಾತ್ರ ಕಷ್ಟ.

ವಿಭಕ್ತಿ ಪ್ರತ್ಯಯಗಳದು ಇನ್ನೊಂದು ತೊಡಕು. ಕೆಲವು ಸುಳಿವುಗಳಲ್ಲಿ ಒಂದು ಪದದ ಅಕ್ಷರಗಳನ್ನು ಕಲಸಿ ಉತ್ತರ ಕಟ್ಟಬೇಕು; ‘ತಬ್ಬಿಬ್ಬಾದ’ ಎಂಬಂಥ ಮಾತು ಅದರ ಸೂಚನೆ. ಇಂಗ್ಲಿಷಿನಲ್ಲಿ ಪದಗಳು ಬಿಡಿಬಿಡಿಯಾಗಿ ನಿಲ್ಲುವುದರಿಂದ ಯಾವ ಅಕ್ಷರಗಳನ್ನು ಕಲಸಬೇಕೆಂದು ಗುರುತಿಸುವುದು ಸುಲಭ. ನಾನು ಬಿಡಿಸಿದ ಒಂದು ಪದಬಂಧದಲ್ಲಿ ‘ತಬ್ಬಿಬ್ಬಾದ ಮದನನ ನಿಗ್ರಹ (3)’ ಎಂದಿತ್ತು. ಉತ್ತರ ‘ದಮನ’ ಎಂದು ಹೊಳೆದರೂ, ಸುಳಿವಿನಲ್ಲಿರುವ ‘ಮದನನ’ ನಾಲ್ಕು ಅಕ್ಷರದ್ದಾದ್ದರಿಂದ ಒಂದು ‘ನ’ ಹೆಚ್ಚಾಗಿ ಉಳಿಯುತ್ತದೆ. ‘ಮದನ ತಬ್ಬಿಬ್ಬಾದರೆ ನಿಗ್ರಹ’ ಎಂದು ಬರೆದಿದ್ದರೆ ಮೂರು ಅಕ್ಷರಗಳೂ ಕಣ್ಣೆದುರೇ ಇರುತ್ತಿದ್ದವು, ಮರೆ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಇಷ್ಟು ಎಚ್ಚರ ವಹಿಸಿದ ಸುಳಿವುಗಳು ನನಗೆ ಸಿಕ್ಕಿದ್ದು ಕಡಿಮೆ, ಈ ಒಂದು ವಿಷಯದಲ್ಲಿ ಇಂಗ್ಲಿಷಿನ ಶಿಸ್ತಿಗೇ ನನ್ನ ಮತ.

ಉಳಿದಂತೆ ನನ್ನ ಆಯ್ಕೆ ಗೂಢ ಸುಳಿವಿನ ಕನ್ನಡ ಪದಬಂಧವೇ. ಇಲ್ಲಿ ಬೇಕಾದ ಬಂಡವಾಳ ನಾವು ದಿನವೂ ಆಡುವ ಮಾತಿನಲ್ಲೇ ಇದೆ. ಬಿಡುವು ಹೆಚ್ಚಿದ್ದು ಕಠಿಣ ವ್ಯಾಯಾಮ ಬಯಸುವವರು ಇಂಗ್ಲಿಷಿನದನ್ನೂ ಜೊತೆಗಿಟ್ಟುಕೊಳ್ಳಬಹುದು.

ಹಳೆಯ ತಾವರೆಗೂ ನಾನೇ ಒಂದು ಸುಳಿವು ಬರೆದು ನೋಡಿದೆ: ‘ಎತ್ತಲಿಂದ ನೋಡಿದರೂ ತಾವರೆ (3)’. ಗೆಳತಿಯೊಬ್ಬಳಿಗೆ ಕೊಟ್ಟಾಗ ಅವಳು ತಡಮಾಡದೆ ‘ನಳಿನ’ ಎಂದು ಬರೆದಳು. ನನ್ನ ಮನಸ್ಸಿನಲ್ಲಿದ್ದದ್ದು ‘ಜಲಜ’. ಎರಡೂ ಪದಗಳನ್ನು ಹಿಂದಿನಿಂದ ಓದಿದರೂ ಅವೇ ಆಗುವುದರಿಂದ ಅವಳ ಉತ್ತರವನ್ನು ಅಲ್ಲಗಳೆಯುವಂತಿರಲಿಲ್ಲ. ಆಮೇಲೆ ಮೇಲಿನಿಂದ ಇಳಿಯುವ ಪದವನ್ನು ಅವಳು ಬಿಡಿಸಿದಳು, ಕೊನೆಯ ಮನೆಗೆ ‘ಜ’ ಬಂತು. ಹಿಂದೊಮ್ಮೆ ಅದೇ ‘ಜ’ ನನ್ನ ಮುಂದೆ ಆರು ತಾವರೆಗಳನ್ನು ಉಳಿಸಿತ್ತು. ಈ ಸಲ ಅವಳು ರಬ್ಬರ್ ತೆಗೆದುಕೊಂಡು ‘ನಳಿನ’ವನ್ನು ಅಳಿಸಿ, ನನ್ನನ್ನು ಏನೂ ಕೇಳದೆ ‘ಜಲಜ’ ಎಂದು ಬರೆದಳು.