ಪಿ.ಜೆ. ಬಡಾವಣೆಯ ಸ್ಕ್ಯಾನಿಂಗ್ ಸೆಂಟರ್: ಬಿಡಿಸಿ ಹೇಳುವ ಡಾಕ್ಟರ್ ಇದ್ದಾರೆ

ನನಗೆ 34ನೇ ವಾರ. ಮೊದಲು ಬೇರೆ ಕಡೆ ಮಾಡಿಸಿದ ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ನೀರು ಕಡಿಮೆ ಇರಬಹುದು, ಮಗು ಚಿಕ್ಕದಿರಬಹುದು’ ಎಂದಷ್ಟೇ ಇತ್ತು. ಏನು ಅಂತ ಕೇಳಿದರೆ ಯಾರೂ ಹೇಳಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ.

ಅವ್ವನ ಜೊತೆ ದಾವಣಗೆರೆಗೆ ಬಂದು ಇಲ್ಲಿ ಮತ್ತೆ ಮಾಡಿಸಿದೆ. ಮೇಡಂ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದೊಂದರಲ್ಲೂ ಮಗುವಿನ ಸುತ್ತಲಿನ ನೀರಿನ ಆಳ ಅಳೆದು ಕೂಡಿಸುತ್ತಾರೆ. ಸಾಮಾನ್ಯವಾಗಿ 5ರಿಂದ 25 ಸೆಂ.ಮೀ. ಒಳಗಿರಬೇಕು. ನನ್ನದು 9. ಮಗುವಿನ ತೂಕ 1 ಕೆ.ಜಿ. 950 ಗ್ರಾಂ ತೋರಿಸಿತು. ‘ಇದು ತಕ್ಕಡಿ ಅಲ್ಲಮ್ಮ. ತಲೆ, ಹೊಟ್ಟೆ, ತೊಡೆಮೂಳೆ ಅಳೆದು ಹಾಕೋ ಲೆಕ್ಕ. ನೂರಕ್ಕೆ ಹತ್ತು ಹದಿನೈದು ಆಚೀಚೆ ಆಗುತ್ತೆ’ ಎಂದರು. ಡಾಪ್ಲರ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತದ ಓಡಾಟವನ್ನೂ ನೋಡಿದರು. ಚೆನ್ನಾಗಿತ್ತು. ಎರಡು ವಾರ ಬಿಟ್ಟು ಬಂದರೆ ಬೆಳವಣಿಗೆ ಸರಿಯಾಗಿ ಗೊತ್ತಾಗುತ್ತದೆ, ಆದರೆ ಮಗುವಿನ ಒದೆತ ಕಡಿಮೆ ಅನಿಸಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಎಂದರು. ಅವ್ವ ಅಲ್ಲೇ ಕಣ್ಣು ಒರೆಸಿಕೊಂಡಳು.

ಕಾಯುವುದು ಮಾತ್ರ ಜಾಸ್ತಿ. ಕುರ್ಚಿ ಸಾಲಲ್ಲ, ತುಂಬು ಬಸುರಿಯರೂ ನಿಂತಿರಬೇಕು. ಇದನ್ನು ಅವರು ಸರಿ ಮಾಡಲೇಬೇಕು. ಹಳೆಯ ರಿಪೋರ್ಟ್ ಎಲ್ಲಾ ತನ್ನಿ, ಹೋಲಿಸಿ ನೋಡುತ್ತಾರೆ.