ಪ್ರಾಸ್ಟೇಟ್ ಕ್ಯಾನ್ಸರ್‌ಗೆ ನ್ಯಾನೋನೈಫ್: ಯಾರಿಗೆ ಸರಿ, ಯಾರಿಗೆ ಬೇಡ

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಒಂದೇ ಕಡೆ ಕ್ಯಾನ್ಸರ್ ಇದೆ. ಇಡೀ ಗ್ರಂಥಿ ತೆಗೆಸಲು ಮನಸ್ಸಿಲ್ಲ, ಸುಮ್ಮನೆ ಕಾದು ನೋಡಲು ಧೈರ್ಯವಿಲ್ಲ. ಇಂಥವರ ಮುಂದೆ ಈಗ ಬರುತ್ತಿರುವ ಹೆಸರು ನ್ಯಾನೋನೈಫ್. ಅಮೆರಿಕದ ಆಂಜಿಯೋಡೈನಾಮಿಕ್ಸ್ ಕಂಪನಿಯ ಯಂತ್ರ ಇದು. ಸರಿಯಾದ ರೋಗಿಗೆ ಸಿಕ್ಕರೆ ಒಳ್ಳೆಯ ಚಿಕಿತ್ಸೆ. ಆ ‘ಸರಿಯಾದ ರೋಗಿ’ ಯಾರು ಅನ್ನುವುದು ಮಾತ್ರ ಥಿಯೇಟರಿಗೆ ಹೋಗುವ ಮುಂಚೆಯೇ, ಎಂಆರ್‌ಐ ಮತ್ತು ಬಯಾಪ್ಸಿಯಲ್ಲೇ ತೀರ್ಮಾನವಾಗಿರಬೇಕು.

ಗಡ್ಡೆಯ ಸುತ್ತ ತೆಳು ಸೂಜಿಗಳನ್ನು ಚುಚ್ಚಿ, ಎರಡೆರಡು ಸೂಜಿಗಳ ನಡುವೆ ವಿದ್ಯುತ್ ಮಿಡಿತ ಹಾಯಿಸುತ್ತಾರೆ. ಒಂದೊಂದು ಮಿಡಿತವೂ 70ರಿಂದ 100 ಮೈಕ್ರೋಸೆಕೆಂಡಿನದು. ಜೀವಕೋಶದ ಪೊರೆಯಲ್ಲಿ ಮತ್ತೆ ಮುಚ್ಚಿಕೊಳ್ಳದಂಥ ತೂತುಗಳು ಬಿದ್ದು ಕೋಶ ಸಾಯುತ್ತದೆ. ಸುತ್ತಲಿನ ಕೊಲಾಜನ್ ಚೌಕಟ್ಟು, ಅಂದರೆ ಅಂಗಾಂಶವನ್ನು ಹಿಡಿದಿಡುವ ನಾರಿನ ಬಲೆ, ಉಳಿಯುತ್ತದೆ, ಹಾಗಾಗಿ ಮೂತ್ರನಾಳ, ರಕ್ತನಾಳ, ನಿಮಿರುವಿಕೆಯ ನರಗಳಿಗೆ ಪೆಟ್ಟು ಕಡಿಮೆ. ಸುಡುವ ವಿಧಾನಗಳಲ್ಲಿ ಈ ಅನುಕೂಲ ಇಲ್ಲ. ಬಿಸಿಯಿಲ್ಲದೆ ಹೀಗೆ ಅಂಗಾಂಶ ನಾಶ ಮಾಡಬಹುದೆಂದು ಸಂಶೋಧಕರಾದ ಡವಾಲೋಸ್, ಮೀರ್, ರುಬಿನ್ಸ್ಕಿ 2005ರಲ್ಲಿ ತೋರಿಸಿದರು. ಪೂರ್ತಿ ತಣ್ಣಗಿನ ಕೆಲಸ ಎಂದೂ ತಿಳಿಯಬೇಡಿ. ಸೂಜಿಯ ತುದಿಗೆ ಅಂಟಿಕೊಂಡ ಜಾಗ ಸ್ವಲ್ಪ ಬಿಸಿಯಾಗುತ್ತದೆ, ಮಿಡಿತ ಹೆಚ್ಚಾದಷ್ಟೂ ಜಾಸ್ತಿ.

ಎಂಆರ್‌ಐಯಲ್ಲಿ ಕಾಣುವ ಒಂದೇ ಗಡ್ಡೆ, ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಅಂಕ, ಎರಡು ಸಂಖ್ಯೆಗಳ ಮೊತ್ತ) 3+4, ಪಿಎಸ್‌ಎ (ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಪ್ರೋಟೀನಿನ ಮಟ್ಟ) ಸುಮಾರು 15ರೊಳಗೆ ಇದ್ದವರಿಗೆ ಇದು ಹೊಂದುತ್ತದೆ. ಗ್ಲೀಸನ್ 3+3 ಮಾತ್ರ ಇದ್ದರೆ ಹೆಚ್ಚಿನವರಿಗೆ ನಿಗಾ ಇಟ್ಟರೆ ಸಾಕು, ಸೂಜಿ ಬೇಡ. ಗ್ಲೀಸನ್ ಮೊತ್ತ 8 ಅಥವಾ ಹೆಚ್ಚಾದರೆ, ಎರಡೂ ಬದಿ ಹರಡಿದ್ದರೆ ಅಥವಾ ಗ್ರಂಥಿಯ ಹೊರಗೆ ಹೋಗಿದ್ದರೆ ಸರ್ಜರಿ ಇಲ್ಲವೇ ರೇಡಿಯೇಷನ್. ಇನ್ನು ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು ಇವೆಲ್ಲ ಸಾಮಾನ್ಯವಾಗಿ ಗ್ರಂಥಿ ದಪ್ಪವಾದದ್ದರ ಲಕ್ಷಣ. ಅದಕ್ಕೆ ಮಾತ್ರೆ, ಟಿಯುಆರ್‌ಪಿ (ಮೂತ್ರದ ದಾರಿಯಿಂದಲೇ ಗ್ರಂಥಿಯ ಒಳಭಾಗ ಕೆತ್ತಿ ತೆಗೆಯುವ ಸರ್ಜರಿ), ಹೋಲ್ಮಿಯಂ ಲೇಸರ್ ಇವೆ. ಧಾರೆ ಸರಿಹೋಗುತ್ತದೆಂದು ನ್ಯಾನೋನೈಫ್ ಮಾಡಿಸಿಕೊಂಡರೆ ನಿರಾಸೆಯೇ. ಪೇಸ್‌ಮೇಕರ್ ಇದ್ದವರಿಗೆ, ಹೃದಯದ ಲಯ ತಪ್ಪುವವರಿಗೆ ಇದು ಬೇಡ.

ಮೈಸೂರು, ಮಂಡ್ಯದಲ್ಲಿ ಪಿಎಸ್‌ಎ ರಿಪೋರ್ಟ್ ಹಿಡಿದು ಓಡಾಡುವವರಲ್ಲಿ ಎಷ್ಟೋ ಜನ ಗ್ರಂಥಿ ದಪ್ಪವಾದದ್ದಕ್ಕೆ ಕೊಡುವ ಟ್ಯಾಮ್ಸುಲೋಸಿನ್ ಜೊತೆ ಡುಟಾಸ್ಟರೈಡ್ ಸೇರಿದ ಮಾತ್ರೆ ನುಂಗುತ್ತಿರುತ್ತಾರೆ. ಡುಟಾಸ್ಟರೈಡ್ ಆರು ತಿಂಗಳಲ್ಲಿ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ರಿಪೋರ್ಟಿನಲ್ಲಿ 4 ಅಂತಿದ್ದರೆ ಅದು 8ರ ಲೆಕ್ಕ. ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ತಗೊಂಡು ಹೋಗಿ ಯುರಾಲಜಿಸ್ಟ್‌ಗೆ ತೋರಿಸಿ. ‘ಮೂತ್ರದ ಮಾತ್ರೆ’ ಎಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.

ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ. ಹಿಂದುಮುಂದಾದರೆ ಬಯಾಪ್ಸಿಯ ರಕ್ತ ಗ್ರಂಥಿಯೊಳಗೆ ನಿಂತು ಚಿತ್ರ ಕೆಡಿಸುತ್ತದೆ, ಆಗ ಆರರಿಂದ ಎಂಟು ವಾರ ಕಾಯಬೇಕು. ಬಯಾಪ್ಸಿಯಲ್ಲಿ ಎಂಆರ್‌ಐ ತೋರಿಸಿದ ಜಾಗದಿಂದ ಮಾತ್ರ ತುಣುಕು ತೆಗೆದರೆ ಸಾಲದು, ಎರಡೂ ಬದಿಯ ಉಳಿದ ಭಾಗದಿಂದಲೂ ತೆಗೆದಿರಬೇಕು. ಉಳಿದ ಕಡೆ ಕ್ಯಾನ್ಸರ್ ಇಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ.

ಥಿಯೇಟರಿನಲ್ಲಿ ಬೆನ್ನಿಗೆ ಕೊಡುವ ಇಂಜೆಕ್ಷನ್ ನಡೆಯುವುದಿಲ್ಲ. ಒಂದೊಂದು ಮಿಡಿತಕ್ಕೂ ಮೈಯ ಸ್ನಾಯು ಎಳೆಯುವುದರಿಂದ ಪೂರ್ತಿ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿಯನ್ನೂ ಚೆನ್ನಾಗಿ ಕೊಡಬೇಕು. ಅದು ಕಡಿಮೆಯಾದರೆ ಮೈ ಅದುರಿ ಸೂಜಿ ಜಾಗ ಬಿಡುತ್ತದೆ. ಗುದದ್ವಾರದಲ್ಲಿ ಅಲ್ಟ್ರಾಸೌಂಡ್ ಇಟ್ಟು ನೋಡುತ್ತ, ವೃಷಣಕ್ಕೂ ಗುದಕ್ಕೂ ನಡುವಿನ ಚರ್ಮದ ಮೂಲಕ 19 ಗೇಜಿನ, ಅಂದರೆ ಸುಮಾರು 1 ಮಿ.ಮೀ. ದಪ್ಪದ ಸೂಜಿಗಳನ್ನು ಇಳಿಸುತ್ತಾರೆ. ಯಂತ್ರಕ್ಕೆ ಆರು ಸೂಜಿಯವರೆಗೆ ಜೋಡಿಸಬಹುದು. ಎರಡು ಸೂಜಿಗಳ ಅಂತರ ಸಾಮಾನ್ಯವಾಗಿ 2 ಸೆಂ.ಮೀ. ಮೀರಬಾರದು. ಸೂಜಿಗಳು ಒಂದಕ್ಕೊಂದು ಸಮಾನಾಂತರವಾಗಿ, ಒಂದೇ ಆಳಕ್ಕೆ ನಿಲ್ಲಬೇಕು. ತುದಿಗಳು ಅಗಲಿದರೆ ನಡುವೆ ವಿದ್ಯುತ್ ಕ್ಷೇತ್ರ ಸೋತು, ಅಲ್ಲಿನ ಕ್ಯಾನ್ಸರ್ ಉಳಿದುಬಿಡುತ್ತದೆ.

ಸೆಂಟಿಮೀಟರಿಗೆ 1500 ವೋಲ್ಟ್ ರೂಢಿಯ ಲೆಕ್ಕ. ಅಂತರ 1.5 ಸೆಂ.ಮೀ. ಆದರೆ 2250 ವೋಲ್ಟ್. ಯಂತ್ರದ ಮಿತಿ 3000. ಮೊದಲು ಕೆಲವು ಮಿಡಿತ ಕೊಟ್ಟು ಕರೆಂಟ್ ನೋಡುತ್ತಾರೆ, 20ರಿಂದ 40 ಆಂಪಿಯರ್ ಒಳಗಿದ್ದರೆ ಸರಿ. ಕಡಿಮೆ ಬಂದರೆ ಚಿಕಿತ್ಸೆ ಸಾಲದು, 50 ಮುಟ್ಟಿದರೆ ಯಂತ್ರ ತಾನೇ ನಿಲ್ಲುತ್ತದೆ. ಆಗ ವೋಲ್ಟೇಜ್ ಇಳಿಸಬೇಕು, ಇಲ್ಲವೇ ಸೂಜಿಯ ತೆರೆದ ತುದಿಯನ್ನು ಗಿಡ್ಡ ಮಾಡಬೇಕು. ಹೃದಯದ ಲಯ ಕೆಡದಂತೆ ಇಸಿಜಿ ನೋಡಿಕೊಂಡು ಒಂದು ಬಡಿತಕ್ಕೆ ಒಂದೇ ಮಿಡಿತ. ನಾಲ್ಕು ಸೂಜಿಗೆ ಆರು ಜೋಡಿ, ಜೋಡಿಗೆ 90ರಂತೆ 540 ಮಿಡಿತ. ನಾಡಿ 70 ಇದ್ದರೆ ಎಂಟು ನಿಮಿಷದೊಳಗೆ ಮುಗಿಯುತ್ತದೆ. ಹೊತ್ತು ಹಿಡಿಯುವುದು ಸೂಜಿ ಕೂರಿಸುವುದಕ್ಕೆ, ಅಲ್ಲಿ ಅವಸರ ಮಾಡುವ ತಂಡದ ಕೈಗೆ ಮೈ ಕೊಡಬೇಡಿ. ಎಂಆರ್‌ಐಯಲ್ಲಿ ಗಡ್ಡೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುವುದರಿಂದ ಸುತ್ತ 5ರಿಂದ 10 ಮಿ.ಮೀ. ಹೆಚ್ಚುವರಿ ಜಾಗ ಸೇರಿಸಬೇಕು. ‘ಎಷ್ಟು ಮಾರ್ಜಿನ್ ಬಿಡುತ್ತೀರಿ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ.

ಅಮೆರಿಕದಲ್ಲಿ 121 ಜನರ ಮೇಲೆ ನಡೆದ ಪ್ರಿಸರ್ವ್ ಅಧ್ಯಯನದಲ್ಲಿ, ಒಂದು ವರ್ಷಕ್ಕೆ ಶೇ. 84ರಷ್ಟು ಮಂದಿಗೆ ಚಿಕಿತ್ಸೆ ಮಾಡಿದ ಜಾಗದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದಷ್ಟು ಅಪಾಯದ ಕ್ಯಾನ್ಸರ್ ಇರಲಿಲ್ಲ. ಅದರ ಮೇಲೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಬಂತು. ಇದು ಒಂದು ವರ್ಷದ ಲೆಕ್ಕ ಎಂಬುದು ನೆನಪಿರಲಿ, ಅದೂ ಚಿಕಿತ್ಸೆ ಮಾಡಿದ ಜಾಗದ್ದು ಮಾತ್ರ.

ಚಿಕಿತ್ಸೆಯ ನಂತರ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ಕೊಳವೆ) ಕೆಲವು ದಿನ ಇರುತ್ತದೆ. ಬೆಂಗಳೂರಿನಲ್ಲೋ ಬೇರೆಡೆಯೋ ಮಾಡಿಸಿಕೊಂಡು ಕಾರಿನಲ್ಲಿ ಊರಿಗೆ ಬರುವವರು ಮೂತ್ರದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಾರದು. ಸೀಟಿನ ಕೆಳಗೆ, ನೆಲಕ್ಕೆ ತಾಗದಂತೆ ಇಳಿಬಿಡಿ, ಕೊಳವೆ ಮಡಚಿಕೊಂಡಿದೆಯಾ ನೋಡಿ. ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕು. ಕ್ಯಾತಿಟರ್ ತೆಗೆದ ದಿನ ಊತದಿಂದ ಮೂತ್ರ ಕಟ್ಟಿಕೊಳ್ಳಬಹುದು. ಮದ್ದೂರು, ಮಳವಳ್ಳಿ ಕಡೆಯವರು ರಾತ್ರಿ ಕ್ಯಾತಿಟರ್ ಹಾಕಿಕೊಡುವ ಹತ್ತಿರದ ಆಸ್ಪತ್ರೆ ಯಾವುದೆಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಬೈಕು, ಟ್ರ್ಯಾಕ್ಟರ್ ಸೀಟು ಕೆಲವು ವಾರ ಬೇಡ.

ಬಿಲ್ಲಿನಲ್ಲಿ ಸೂಜಿಯ ಲೆಕ್ಕ ನೋಡಿ. ಒಂದು ಸಲ ಬಳಸಿ ಬಿಸಾಡುವ ವಸ್ತು ಅದು, ಎಷ್ಟು ಬಳಸಿದರೋ ಅಷ್ಟರ ಲೇಬಲ್ ಫೈಲಿಗೆ ಅಂಟಿಸಿರಬೇಕು. ವಿಮೆಗೆ ಬಾಯಿಮಾತು ನಂಬಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಕೊಟ್ಟ 12 ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಪ್ರಾಸ್ಟೇಟ್ ಲೇಸರ್ ಇದೆ, ಈ ಚಿಕಿತ್ಸೆಯ ಹೆಸರಿಲ್ಲ. ಮುಂಗಡ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಆಮೇಲೆ ಪಿಎಸ್‌ಎ ಇಳಿಯುತ್ತದೆ, ಸೊನ್ನೆಗೆ ಬರುವುದಿಲ್ಲ, ಉಳಿದ ಗ್ರಂಥಿ ಕೆಲಸ ಮಾಡುತ್ತಲೇ ಇರುತ್ತದೆ. ಗ್ರಂಥಿ ತೆಗೆಸಿಕೊಂಡ ಪಕ್ಕದ ಮನೆಯವರ 0.1ಕ್ಕೆ ಹೋಲಿಸಿ ಗಾಬರಿಯಾಗಬೇಡಿ. ಹಾಗೆಯೇ ಪಿಎಸ್‌ಎ ಚೆನ್ನಾಗಿದೆ ಎಂದು ಒಂದು ವರ್ಷದ ಬಯಾಪ್ಸಿ ತಪ್ಪಿಸಬೇಡಿ. ಉಳಿದ ಕ್ಯಾನ್ಸರ್ ಸಿಕ್ಕಿದರೆ ಮತ್ತೆ ಇದೇ ಚಿಕಿತ್ಸೆ, ಸರ್ಜರಿ, ರೇಡಿಯೇಷನ್ ಮೂರಕ್ಕೂ ದಾರಿ ಇದೆ. ಎಂಆರ್‌ಐಯ ಸೀಡಿ, ಬಯಾಪ್ಸಿಯ ಸ್ಲೈಡುಗಳು ನಿಮ್ಮ ಕೈಯಲ್ಲೇ ಇರಲಿ. ಆಗ ನೋಡುವ ವೈದ್ಯರಿಗೆ ರಿಪೋರ್ಟಿನ ಕಾಗದವೊಂದೇ ಸಾಲುವುದಿಲ್ಲ.