ಎಂಟು ದೀಪದ ಲ್ಯಾನ್ ಟೆಸ್ಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಎರಡು ತುಂಡಿನ ಲ್ಯಾನ್ ಟೆಸ್ಟರ್, ಅಂದರೆ ನೆಟ್‌ವರ್ಕ್ ಕೇಬಲ್ ಪರೀಕ್ಷಿಸುವ ಸಾಧನ ಇದು. ಯಾವ ಕಂಪನಿಯದು ಅಂತ ಕೇಳಬೇಡಿ, ಹೆಚ್ಚುಕಮ್ಮಿ ಎಲ್ಲ ಒಂದೇ ತರ. ಕೇಬಲಿನ ಎರಡು ತುದಿಗೆ ಎರಡು ತುಂಡು ಸಿಕ್ಕಿಸಿ ಸ್ವಿಚ್ ಒತ್ತಿದರೆ 1ರಿಂದ 8ರ ತನಕ ದೀಪ ಸಾಲಾಗಿ ಹತ್ತಬೇಕು. ತಂತಿ ತುಂಡಾಗಿದ್ದರೆ, ಅದಲುಬದಲಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಅಷ್ಟಕ್ಕೆ ಇದು ಧಾರಾಳ ಸಾಕು.

ಆದರೆ ಎಂಟೂ ದೀಪ ಹತ್ತಿತು ಅಂತ ಕೇಬಲನ್ನು ನಂಬಿಬಿಡಬೇಡಿ. ನಮ್ಮ ಆಫೀಸಿನ ಒಂದು ಲೈನಿನಲ್ಲಿ ದೀಪವೆಲ್ಲ ಸರಿ, ಫೈಲ್ ಕಾಪಿ ಮಾತ್ರ ಆಮೆ ವೇಗ. ಲಿನಕ್ಸ್‌ನಲ್ಲಿ ಇಥ್‌ಟೂಲ್ (ನೆಟ್‌ವರ್ಕ್ ಪೋರ್ಟಿನ ಸ್ಥಿತಿ ತೋರಿಸುವ ಕಮಾಂಡ್) ಹಾಕಿ ನೋಡಿದರೆ ಸಿಆರ್‌ಸಿ ಎರರ್, ಅಂದರೆ ದಾರಿಯಲ್ಲಿ ಕೆಟ್ಟುಹೋದ ಡೇಟಾದ ಲೆಕ್ಕ, ಏರುತ್ತಲೇ ಇತ್ತು. ಕೇಬಲಿನೊಳಗಿನ ಎಂಟು ತಂತಿ ಎರಡೆರಡಾಗಿ ಹೊಸೆದ ನಾಲ್ಕು ಜೋಡಿ. ತುದಿಯ ಕನೆಕ್ಟರನ್ನು ಬೆಳಕಿಗೆ ಹಿಡಿದು 1ನೇ ಪಿನ್ನಿಂದ ಬಣ್ಣ ಓದಿದೆ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಕೇಬಲ್ ಎಳೆದವರು ಪಕ್ಕಪಕ್ಕದಲ್ಲೇ ನೀಟಾಗಿ ಕೂರಿಸಿದ್ದರು! ಎರಡೂ ತುದಿಯಲ್ಲಿ ಹಾಗೇ ಇದ್ದದ್ದರಿಂದ ಟೆಸ್ಟರ್‌ಗೆ ತಕರಾರಿಲ್ಲ. ಈಥರ್ನೆಟ್‌ಗೆ ಮಾತ್ರ 3 ಮತ್ತು 6ನೇ ಪಿನ್ನಿಗೆ ಒಟ್ಟಿಗೆ ಹೊಸೆದ ಒಂದೇ ಜೋಡಿ ಬೇಕು. ಇಲ್ಲಿ 3 ಹಸಿರಲ್ಲಿ, 6 ನೀಲಿಯಲ್ಲಿ. ಹೊಸೆದಿದ್ದೇ ವ್ಯರ್ಥ, ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಮಧ್ಯದ ನಾಲ್ಕನ್ನು ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು ಅಂತ ಜೋಡಿಸಿ ಎರಡೂ ಕಡೆ ಹೊಸದಾಗಿ ಕ್ರಿಂಪ್ ಮಾಡಿದ (ಕನೆಕ್ಟರನ್ನು ತಂತಿಗೆ ಒತ್ತಿ ಕೂರಿಸಿದ) ಮೇಲೆ ಎರರ್ ನಿಂತಿತು. ಕ್ರಿಂಪ್ ಮಾಡುವಾಗ ಹೊಸೆತ ಬಿಚ್ಚುವುದು 13 ಮಿಲಿಮೀಟರ್ ದಾಟದಿರಲಿ.

ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲನ್ನೂ ಇದು ಹಿಡಿಯುವುದಿಲ್ಲ. ತಂತಿಯನ್ನು ಬ್ಲೇಡಿನಲ್ಲಿ ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಅದರ ರೋಧ ಜಾಸ್ತಿ. ಕೇಬಲಿನಲ್ಲೇ ಕರೆಂಟ್ ಪಡೆಯುವ ಕ್ಯಾಮೆರಾ ದೂರದಲ್ಲಿದ್ದರೆ ಸುಮ್ನೆ ತಲೆನೋವು.

ಎಷ್ಟು ಮೀಟರಿನಾಚೆ ತುಂಡಾಗಿದೆ ಅನ್ನುವುದೂ ಇದಕ್ಕೆ ತಿಳಿಯದು. ಅದಕ್ಕೆ ಟಿಡಿಆರ್ ಅನ್ನುವ ಪರೀಕ್ಷೆ ಬೇಕು: ಒಂದು ಪಲ್ಸ್ ಕಳಿಸಿ, ಅದು ತುಂಡಾದಲ್ಲಿ ತಾಗಿ ಮರಳಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ದುಬಾರಿ ಮೀಟರೇ ಆಗಬೇಕೆಂದಿಲ್ಲ, ಕೆಲವು ಮ್ಯಾನೇಜ್ಡ್ ನೆಟ್‌ವರ್ಕ್ ಸ್ವಿಚ್‌ಗಳಲ್ಲೇ (ಸೆಟ್ಟಿಂಗ್ ಬದಲಿಸಬಹುದಾದ, ಹಲವು ಕೇಬಲ್ ಸೇರುವ ಪೆಟ್ಟಿಗೆ) ಇರುತ್ತದೆ. 2020ರ ಲಿನಕ್ಸ್ 5.8ರಿಂದ ಇಥ್‌ಟೂಲ್‌ನಲ್ಲೂ ಕೇಬಲ್ ಟೆಸ್ಟ್ ಇದೆ, ನಿಮ್ಮ ನೆಟ್‌ವರ್ಕ್ ಚಿಪ್ ಒಪ್ಪಿದರೆ.

ಐದಕ್ಕೆ ಮೂರೂವರೆ. ಬ್ಯಾಗಿಗೆ ಹಾಕುವ ಮೊದಲು 9 ವೋಲ್ಟ್ ಬ್ಯಾಟರಿ ತೆಗೆದಿಡಿ, ಟೆಸ್ಟರಿನ ಸ್ವಿಚ್ ತಾನಾಗಿಯೇ ಜಾರಿ ಆನ್ ಆಗುತ್ತದೆ.